ಡಿ-ಅಡಿಕ್ಷನ್ ಸೆಂಟರ್ ಹುಡುಕ್ತಿದ್ದೀರಾ? ಎಷ್ಟು ದಿನ ಅಂತ ಕೇಳೋ ಮುಂಚೆ, ಆಮೇಲೇನು ಅಂತ ಕೇಳಿ

ಮನೇಲಿ ಒಬ್ರು ಕುಡಿತಕ್ಕೋ ಡ್ರಗ್ಸಿಗೋ ಸಿಕ್ಕಾಕೊಂಡಿದ್ರೆ ಮನೆಯವ್ರು ವರ್ಷಗಟ್ಲೆ ಬೈತಾರೆ, ಅಳ್ತಾರೆ, ಆಣೆ ಹಾಕಿಸ್ಕೋತಾರೆ, ಆಮೇಲೆ ಒಂದಿನ ರಾತ್ರಿ ಇನ್ನು ನಮ್ ಕೈಲಾಗಲ್ಲ ಅನ್ನಿಸಿ ಫೋನ್ ತಗೊಂಡು ಹತ್ರದಲ್ಲಿ ಯಾವ್ದಾದ್ರೂ ಡಿ-ಅಡಿಕ್ಷನ್ ಸೆಂಟರ್ ಇದ್ಯಾ ಅಂತ ಹುಡುಕ್ತಾರೆ. ಅಷ್ಟೊತ್ತಿಗೆ ಎಲ್ರೂ ಸೋತು ಹೋಗಿರ್ತಾರೆ, ಯಾರಾದ್ರೂ ಕರ್ಕೊಂಡು ಹೋಗಿ ಇಟ್ಕೊಂಡ್ರೆ ಸಾಕು ಅನ್ನೋ ಸ್ಥಿತಿ, ಹಾಗಾಗಿ ಮೊದಲು ಸಿಕ್ಕ ನಂಬರಿಗೆ ಫೋನ್ ಮಾಡಿ ಮಾರನೇ ದಿನವೇ ಅಡ್ಮಿಟ್ ಮಾಡಿಬಿಡ್ತಾರೆ. ಆ ಮೊದಲ ನಂಬರ್ ಯಾರದ್ದು, ಅದು ಲಿಸ್ಟಲ್ಲಿ ಮೇಲೆ ಯಾಕೆ ಬಂತು ಅಂತ ಯೋಚನೆ ಮಾಡೋ ತಾಳ್ಮೆ ಆಗ ಯಾರಿಗೂ ಇರಲ್ಲ. ಅದಕ್ಕೇ ಈ ವಿಷಯನ ಸ್ವಲ್ಪ ಸಮಾಧಾನವಾಗಿ ಕೂತು ಬಿಡಿಸಿ ನೋಡೋಣ ಅಂತ ಬರೀತಿದೀನಿ.

ಸರ್ಚ್ ಮಾಡಿದಾಗ ಮೇಲೆ ಬರೋದು ಬಹಳ ಸಲ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಇದೇನು ಸಣ್ಣ ವಿಷಯ ಅಲ್ಲ. ಅಮೆರಿಕದಲ್ಲಿ ಈ ಜಾಹೀರಾತಿನ ದಂಧೆ ಎಷ್ಟು ಕೆಟ್ಟು ಹೋಗಿತ್ತು ಅಂದ್ರೆ 2017ರ ಸೆಪ್ಟೆಂಬರಲ್ಲಿ ಗೂಗಲ್ ರಿಹ್ಯಾಬ್‌ಗೆ, ಅಂದ್ರೆ ಚಟ ಬಿಡಿಸೋ ಸೆಂಟರ್‌ಗಳಿಗೆ ಸಂಬಂಧಪಟ್ಟ ಜಾಹೀರಾತುಗಳಿಗೆ ತಡೆ ಹಾಕ್ತು, ಆಮೇಲೆ 2018ರಲ್ಲಿ ಹೊರಗಿನವರಿಂದ ಪರಿಶೀಲನೆ ಆಗಿ ಸರ್ಟಿಫಿಕೇಟ್ ಸಿಕ್ಕ ಸೆಂಟರ್‌ಗಳಿಗೆ ಮಾತ್ರ ಮತ್ತೆ ಬಿಡ್ತು. ಅಲ್ಲಿ ನಡೀತಿದ್ದಿದ್ದು ಏನಂದ್ರೆ, ಹೆಲ್ಪ್‌ಲೈನ್ ಅಂತ ಹಾಕಿರೋ ನಂಬರಿಗೆ ಫೋನ್ ಮಾಡಿದ್ರೆ ಎತ್ತೋದು ಡಾಕ್ಟರೂ ಅಲ್ಲ ಕೌನ್ಸೆಲರೂ ಅಲ್ಲ, ಕಾಲ್ ಸೆಂಟರಲ್ಲಿ ಕೂತಿರೋ ಏಜೆಂಟ್, ಯಾವ ಸೆಂಟರ್ ಜಾಸ್ತಿ ಕಮಿಷನ್ ಕೊಡುತ್ತೋ ಅಲ್ಲಿಗೆ ಪೇಶಂಟ್‌ನ ಕಳಿಸೋದು. ಫೋನಲ್ಲಿ ಮಾತಾಡೋವಾಗ ನಿಮ್ಮ ಮನೆಯವರ ಆರೋಗ್ಯದ ಬಗ್ಗೆ ಎರಡು ಮಾತು ಕೇಳೋಕೂ ಮುಂಚೆ ದುಡ್ಡು ಯಾರು ಕಟ್ತಾರೆ, ಇನ್ಶೂರೆನ್ಸ್ ಇದ್ಯಾ, ಗಾಡಿ ಕಳಿಸ್ಲಾ ಅಂತ ಶುರು ಮಾಡಿದ್ರೆ ಅದು ಇಂಥ ಏಜೆಂಟೇ ಇರಬಹುದು. ಫೋನ್ ಇಟ್ಬಿಡಿ.

ಹಾಗಾದ್ರೆ ಎಲ್ಲಿಂದ ಶುರು ಮಾಡೋದು? ಸರ್ಕಾರದ ಹೆಲ್ಪ್‌ಲೈನ್ ಇರೋ ಕಡೆ ಅಲ್ಲಿಂದ. ಭಾರತದಲ್ಲಿ 14446, ಅಮೆರಿಕದಲ್ಲಿ 1-800-662-4357, ಎರಡೂ ಫ್ರೀ. ಇಂಥ ಕಡೆ ಕೂತಿರೋರಿಗೆ ನಿಮ್ಮನ್ನ ಇಂಥದ್ದೇ ಸೆಂಟರ್‌ಗೆ ಸೇರಿಸಬೇಕು ಅನ್ನೋ ಲಾಭ ಇರಲ್ಲ. ಇನ್ನೊಂದು ದಾರಿ, ದೊಡ್ಡ ಸರ್ಕಾರಿ ಆಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿನ ಸೈಕಿಯಾಟ್ರಿ ವಿಭಾಗ. ಜನ ಇದನ್ನ ಮರೆತೇ ಬಿಡ್ತಾರೆ. ರಿಹ್ಯಾಬ್ ಅಂದ ತಕ್ಷಣ ಊರಾಚೆ ಒಂದು ಕಾಂಪೌಂಡು, ಅದರೊಳಗೆ ಒಂದು ಕಟ್ಟಡ ಅಂತಾನೇ ಕಣ್ಮುಂದೆ ಬರೋದು, ಆದ್ರೆ ಹೆಚ್ಚಿನವರಿಗೆ ಚಿಕಿತ್ಸೆ ಶುರುವಾಗೋಕೆ ಒಂದು ಓಪಿಡಿ ಚೀಟಿ ಸಾಕು. ನಿಮ್ಮನ್ನ ಮುಂಚಿಂದ ನೋಡ್ತಿರೋ ಫ್ಯಾಮಿಲಿ ಡಾಕ್ಟರ್ ಇದ್ರೆ ಅವ್ರ ಹತ್ರನೂ ಮೊದಲ ಮಾತು ಆಡಬಹುದು. ಅವ್ರ ಹತ್ರ ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಅನ್ನೋ ಹತ್ತು ಪ್ರಶ್ನೆಗಳ ಪಟ್ಟಿ ಇರುತ್ತೆ, ಎಷ್ಟು ಸಲ ಕುಡೀತೀರ, ಬೆಳಗ್ಗೆ ಎದ್ದ ತಕ್ಷಣ ಬೇಕು ಅನ್ಸುತ್ತಾ, ಹಿಂದಿನ ರಾತ್ರಿ ಆಗಿದ್ದು ನೆನಪಿರಲ್ವಾ, ಹೀಗೆ. 40ಕ್ಕೆ 8 ಅಥವಾ ಜಾಸ್ತಿ ಬಂದ್ರೆ ಕುಡಿತ ತೊಂದರೆ ಕೊಡೋ ಮಟ್ಟಕ್ಕೆ ಹೋಗಿದೆ ಅಂತ, 20 ಅಥವಾ ಜಾಸ್ತಿ ಬಂದ್ರೆ ಅವಲಂಬನೆ ಇರೋ ಸಾಧ್ಯತೆ ಇದೆ, ಸರಿಯಾಗಿ ಪರೀಕ್ಷೆ ಆಗಬೇಕು ಅಂತ.

ಈಗ ಬಹಳ ಮುಖ್ಯವಾದ ಮಾತು. ಸೆಂಟರ್ ಹುಡುಕೋಕೂ ಮುಂಚೆ ಕೆಲವರನ್ನ ನೇರ ಆಸ್ಪತ್ರೆಗೇ ಕರ್ಕೊಂಡು ಹೋಗಬೇಕು. ದಿನಾ ಜಾಸ್ತಿ ಕುಡಿಯೋ ಮನುಷ್ಯ ಒಂದಿನ ಇದ್ದಕ್ಕಿದ್ದಂಗೆ ನಿಲ್ಲಿಸಿದ್ರೆ, ಕೊನೇ ಸಲ ಕುಡಿದು ಆರೆಂಟು ಗಂಟೆ ಆಗೋ ಹೊತ್ತಿಗೆ ಕೈ ನಡುಗೋಕೆ ಶುರು ಆಗುತ್ತೆ, ಲೋಟ ಎತ್ತಿದ್ರೆ ನೀರು ಚೆಲ್ಲುತ್ತೆ, ಬೆವರು, ವಾಂತಿ, ನಿದ್ದೆ ಇಲ್ಲ. ಫಿಟ್ಸ್ ಬರೋದಾದ್ರೆ ಸಾಮಾನ್ಯವಾಗಿ ಮೊದಲ ಎರಡು ದಿನದೊಳಗೆ ಬರುತ್ತೆ. ಎರಡರಿಂದ ನಾಲ್ಕನೇ ದಿನದಲ್ಲಿ ಡೆಲಿರಿಯಂ ಟ್ರೆಮೆನ್ಸ್ ಅನ್ನೋ ಸ್ಥಿತಿಗೆ ಹೋಗಬಹುದು, ಎಲ್ಲಿದೀನಿ ಅಂತ ಗೊತ್ತಾಗಲ್ಲ, ಇಲ್ಲದ ಜನ ಕಾಣ್ತಾರೆ, ಗೋಡೆ ಮೇಲೆ ಹುಳ ಹರಿದಂಗೆ ಕಾಣುತ್ತೆ, ಜ್ವರ, ಎದೆಬಡಿತ ಏರುತ್ತೆ. ಚಿಕಿತ್ಸೆ ಸಿಗದಿದ್ರೆ ಪ್ರಾಣ ಹೋಗಬಹುದು. "ನಾಲ್ಕು ದಿನ ರೂಮಲ್ಲಿ ಕೂಡಿ ಹಾಕಿ, ತಾನಾಗೇ ಬಿಡ್ತಾನೆ" ಅಂತ ಸಲಹೆ ಕೊಡೋ ನೆಂಟರು ಎಲ್ಲಾ ಕಡೆ ಇರ್ತಾರೆ, ಅವ್ರ ಮಾತು ಕೇಳಬೇಡಿ. ಆಸ್ಪತ್ರೇಲಿ ಬೆಂಜೊಡಯಾಜೆಪೀನ್ ಗುಂಪಿನ ಔಷಧಿ ಲೆಕ್ಕ ಹಾಕಿ ಕೊಟ್ಟು ದಿನದಿನಕ್ಕೂ ಇಳಿಸ್ತಾ ಬರ್ತಾರೆ, ಜೊತೆಗೆ ಥಯಾಮಿನ್ ಅಂದ್ರೆ ವಿಟಮಿನ್ ಬಿ1 ಇಂಜೆಕ್ಷನ್, ಯಾಕಂದ್ರೆ ವರ್ಷಗಟ್ಲೆ ಕುಡಿದವರಲ್ಲಿ ಅದು ಖಾಲಿಯಾಗಿ ಮಿದುಳಿಗೆ ವಾಪಸ್ ಸರಿಯಾಗದಂಥ ಏಟು ಬೀಳಬಹುದು. ನಿದ್ದೆ ಮಾತ್ರೆ, ಆತಂಕದ ಮಾತ್ರೆ ವರ್ಷಗಟ್ಲೆ ತಗೊಂಡು ಚಟ ಆಗಿರೋರಿಗೂ ಇದೇ ಮಾತು, ದಿಢೀರ್ ನಿಲ್ಲಿಸಿದ್ರೆ ಫಿಟ್ಸ್ ಬರಬಹುದು, ನಿಧಾನಕ್ಕೆ ಇಳಿಸಬೇಕು. ಹಾಗಾಗಿ ಯಾವುದೇ ಸೆಂಟರ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ, ರಾತ್ರಿ ಎರಡು ಗಂಟೆಗೆ ಫಿಟ್ಸ್ ಬಂದ್ರೆ ಅಲ್ಲಿ ಯಾರಿರ್ತಾರೆ? ಡಾಕ್ಟರ್ ಇರ್ತಾರಾ, ನರ್ಸ್ ಇರ್ತಾರಾ, ಇಲ್ಲಾ ಬರೀ ವಾಚ್‌ಮನ್ನಾ?

ಹೆರಾಯಿನ್ ಥರದ ಓಪಿಯಾಯ್ಡ್‌ಗಳ ಕತೆ ಬೇರೆ. ಬಿಟ್ಟ ಮೊದಲ ವಾರ ಮೈಯೆಲ್ಲಾ ನೋವು, ಭೇದಿ, ಚಳಿ, ನರಕ ಅನ್ನಿಸುತ್ತೆ, ಆದ್ರೆ ಅದರಿಂದಲೇ ಸಾಯೋದು ಅಪರೂಪ. ಅಪಾಯ ಇರೋದು ಅದಾದ ಮೇಲೆ. ಎರಡು ಮೂರು ವಾರ ಬಿಟ್ಟಿದ್ರೆ ದೇಹಕ್ಕೆ ಮುಂಚಿನ ತಡ್ಕೊಳ್ಳೋ ಶಕ್ತಿ ಇರಲ್ಲ, ಮನೆಗೆ ಬಂದು ಒಂದು ಸಂಜೆ ಹಳೇ ಡೋಸನ್ನೇ ತಗೊಂಡ್ರೆ ಉಸಿರೇ ನಿಂತು ಹೋಗಬಹುದು. "ಸೆಂಟರಿಂದ ಬಂದ ಮೇಲೆ ಚೆನ್ನಾಗಿದ್ದ, ಹಾಗಿದ್ದೂ ಹೋಗ್ಬಿಟ್ಟ" ಅಂತ ಮನೆಯವ್ರು ಹೇಳೋದರ ಹಿಂದೆ ಬಹಳ ಸಲ ಇದೇ ಇರುತ್ತೆ. ಅಂದ್ರೆ ಡಿಟಾಕ್ಸ್ ಮಾಡಿ, ಅಂದ್ರೆ ದೇಹದಿಂದ ಡ್ರಗ್ ಇಳಿಸಿ, ಔಷಧಿ ಏನೂ ಕೊಡದೆ, ಮುಂದೆ ಎಲ್ಲಿಗೂ ಜೋಡಿಸದೆ ಮನೆಗೆ ಕಳಿಸಿದ್ರೆ ಓಪಿಯಾಯ್ಡ್ ಚಟ ಇರೋರಿಗೆ ಅಪಾಯ ಮೊದಲಿಗಿಂತ ಹೆಚ್ಚಾಗುತ್ತೆ. ಇದನ್ನ ಜೋರಾಗಿ ಹೇಳೋರು ಕಮ್ಮಿ, ಅದಕ್ಕೆ ಇಲ್ಲಿ ಹೇಳ್ತಿದೀನಿ.

ಔಷಧಿ ವಿಷಯಕ್ಕೆ ಬಂದ್ರೆ ನನಗೆ ನಿಜವಾಗ್ಲೂ ಬೇಜಾರಾಗೋದು ಇಲ್ಲೇ. 1965ರಲ್ಲೇ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ ಅನ್ನೋ ಇಬ್ಬರು ಡಾಕ್ಟರ್‌ಗಳು ನ್ಯೂಯಾರ್ಕಲ್ಲಿ ಹೆರಾಯಿನ್ ಚಟ ಇರೋರಿಗೆ ದಿನಾ ಮೆಥಡೋನ್ ಅನ್ನೋ ಓಪಿಯಾಯ್ಡ್ ಗುಂಪಿನದೇ ಔಷಧಿ ಕೊಟ್ರೆ ಅವ್ರು ಕೆಲಸಕ್ಕೆ ಹೋಗಿ, ಮನೆ ನೋಡ್ಕೊಂಡು ಬದುಕ್ತಾರೆ ಅಂತ ತೋರಿಸಿದ್ರು. ಮೆಥಡೋನ್ ಮತ್ತು ಅದೇ ಥರ ಕೊಡೋ ಬುಪ್ರೆನಾರ್ಫಿನ್ 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟೀಲಿವೆ. 2017ರಲ್ಲಿ ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂದ ವಿಶ್ಲೇಷಣೇಲಿ, ಮೆಥಡೋನ್ ತಗೋತಿರೋ ಅವಧೀಲಿ ಸಾವು ವರ್ಷಕ್ಕೆ ಸಾವಿರಕ್ಕೆ 11ರಷ್ಟು, ಅದನ್ನ ಬಿಟ್ಟ ಮೇಲೆ 36ರಷ್ಟು, ಅದ್ರಲ್ಲೂ ಬಿಟ್ಟ ಮೊದಲ ನಾಲ್ಕು ವಾರ ಬಹಳ ಕೆಟ್ಟದ್ದು. ಇಷ್ಟು ಪುರಾವೆ ಇದ್ರೂ "ಒಂದು ಚಟ ಬಿಟ್ಟು ಇನ್ನೊಂದು ಚಟ ಹಿಡಿಸ್ತಾರೆ" ಅಂತ ಹೇಳಿ ಈ ಔಷಧಿನ ದೂರ ಇಡೋ ಸೆಂಟರ್‌ಗಳು ಇನ್ನೂ ಇವೆ. ಮನೆಯವ್ರೂ ಎಷ್ಟೋ ಸಲ ಮೂರು ತಿಂಗಳು ಆಯ್ತಲ್ಲ ಇನ್ನು ಮಾತ್ರೆ ಸಾಕು ಅಂತ ತಾವೇ ನಿಲ್ಲಿಸ್ಬಿಡ್ತಾರೆ, ಪ್ರೀತಿಯಿಂದಲೇ ಮಾಡೋದು, ಆದ್ರೆ ಪರಿಣಾಮ ಮೇಲೆ ಹೇಳಿದ ಲೆಕ್ಕದಲ್ಲೇ ಇದೆ.

ಕುಡಿತಕ್ಕೂ ಔಷಧಿ ಇದೆ ಅಂತ ಬಹಳ ಜನಕ್ಕೆ ಗೊತ್ತೇ ಇಲ್ಲ. ನಾಲ್‌ಟ್ರೆಕ್ಸೋನ್ ಕುಡಿದಾಗ ಸಿಗೋ ಮಜಾ ಕಮ್ಮಿ ಮಾಡುತ್ತೆ, ಅಕಾಂಪ್ರೋಸೇಟ್ ಬಿಟ್ಟ ಮೇಲೆ ಬರೋ ಆ ಚಡಪಡಿಕೆ ಕಮ್ಮಿ ಮಾಡುತ್ತೆ. 2023ರಲ್ಲಿ ಇವೆರಡೂ ಅದೇ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿದ್ವು. ಹಳೇ ಔಷಧಿ ಡೈಸಲ್ಫಿರಾಂ, ಅದನ್ನ ತಗೊಂಡು ಕುಡಿದ್ರೆ ಮುಖ ಕೆಂಪಾಗಿ, ಎದೆ ಡವಡವ ಹೊಡ್ಕೊಂಡು, ವಾಂತಿಯಾಗಿ, ಬಿಪಿ ಬಿದ್ದು ಹೋಗುತ್ತೆ, ಆ ಭಯಕ್ಕೆ ಕುಡಿಯಬಾರದು ಅನ್ನೋದೇ ಅದರ ಕೆಲಸ. ಅವ್ರಿಗೆ ಗೊತ್ತಿದ್ದು, ಒಪ್ಪಿ ತಗೊಂಡ್ರೆ ಮಾತ್ರ ಇದಕ್ಕೆ ಅರ್ಥ. "ಅವರಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ, ವಾರದಲ್ಲಿ ಕುಡಿತ ಬಿಡಿಸಿ" ಅಂತ ಪುಡಿ ಮಾರೋ ಜಾಹೀರಾತು ನೋಡಿರ್ತೀರಲ್ಲ, ಅದ್ರಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರಲ್ಲ, ಡೈಸಲ್ಫಿರಾಂ ಥರದ್ದೇನಾದ್ರೂ ಇದ್ದು ಆ ಮನುಷ್ಯನಿಗೆ ಹೃದಯದ ತೊಂದರೆ ಇದ್ರೆ ಗತಿ ಏನು? ದಯವಿಟ್ಟು ತರಬೇಡಿ. ನಾಲ್‌ಟ್ರೆಕ್ಸೋನ್‌ಗೂ ಒಂದು ಎಚ್ಚರಿಕೆ ಇದೆ, ಓಪಿಯಾಯ್ಡ್ ತಗೋತಿರೋರು ಅದನ್ನ ಬಿಟ್ಟು ಕನಿಷ್ಠ ಏಳರಿಂದ ಹತ್ತು ದಿನ ಆಗಿರಬೇಕು, ಇಲ್ಲಾಂದ್ರೆ ಇದ್ದಕ್ಕಿದ್ದಂಗೆ ಜೋರಾಗಿ ವಿತ್‌ಡ್ರಾವಲ್, ಅಂದ್ರೆ ಚಟದ ವಸ್ತು ಬಿಟ್ಟಾಗ ಬರೋ ನರಳಾಟ, ಶುರು ಆಗುತ್ತೆ. ಕೊಕೇನ್, ಮೆಥಾಂಫೆಟಮಿನ್‌ಗೆ ಮಾತ್ರ ಇಂಥ ಒಪ್ಪಿತವಾದ ಔಷಧಿ ಇಲ್ಲ, ಅಲ್ಲಿ ಕೆಲಸ ಮಾಡೋದು ಕೌನ್ಸೆಲಿಂಗು, ಮತ್ತೆ ಟೆಸ್ಟಲ್ಲಿ ಡ್ರಗ್ ಇಲ್ಲ ಅಂತ ಬಂದಾಗೆಲ್ಲ ಸಣ್ಣ ಬಹುಮಾನ ಕೊಡೋ ಪದ್ಧತಿ. ಕೇಳೋಕೆ ಮಕ್ಕಳಾಟ ಅನ್ಸುತ್ತೆ, ಆದ್ರೆ ಇದಕ್ಕೆ ಗಟ್ಟಿ ಪುರಾವೆ ಇದೆ.

ಇನ್ನು ದಿನಗಳ ಲೆಕ್ಕ. ಎಲ್ಲರೂ ಕೇಳೋದು ಇದೊಂದೇ, ಎಷ್ಟು ದಿನ ಇಟ್ಕೋತೀರಾ? 28 ದಿನದ ಪ್ಯಾಕೇಜು ಪ್ರಪಂಚದಾದ್ಯಂತ ಹೆಸರುವಾಸಿ, ಆದ್ರೆ 28 ದಿನಕ್ಕೆ ಮಿದುಳು ಸರಿಹೋಗುತ್ತೆ ಅಂತ ಯಾವ ವೈದ್ಯಕೀಯ ಲೆಕ್ಕದಲ್ಲೂ ಇಲ್ಲ. ಅಮೆರಿಕದ ನೈಡಾ ಅನ್ನೋ ಸರ್ಕಾರಿ ಸಂಶೋಧನಾ ಸಂಸ್ಥೆ ಹೇಳೋದು, 90 ದಿನಕ್ಕಿಂತ ಕಮ್ಮಿ ಚಿಕಿತ್ಸೆಯಿಂದ ಸಿಗೋ ಲಾಭ ಅಷ್ಟಕ್ಕಷ್ಟೇ, ಇನ್ನೂ ಹೆಚ್ಚು ದಿನ ಆದ್ರೆ ಒಳ್ಳೇದು ಅಂತ. ಈ 90 ದಿನ ಅನ್ನೋದು ಚಿಕಿತ್ಸೆಯ ಜೊತೆ ಸಂಪರ್ಕದಲ್ಲಿರೋದು, ಅಷ್ಟೂ ದಿನ ಒಳಗೇ ಇರಬೇಕು ಅಂತೇನಲ್ಲ. 2000ದಲ್ಲಿ ಥಾಮಸ್ ಮೆಕ್‌ಲೆಲನ್ ಅನ್ನೋ ಸಂಶೋಧಕರು ಮತ್ತು ಅವರ ಜೊತೆಯವ್ರು ಬರೆದ ಲೇಖನ ಈ ಕ್ಷೇತ್ರದವರೆಲ್ಲ ಎತ್ತಿ ಹೇಳೋದು, ಚಟ ಅನ್ನೋದು ಡಯಾಬಿಟಿಸ್, ಬಿಪಿ, ಅಸ್ತಮಾ ಥರದ ದೀರ್ಘಕಾಲದ ಕಾಯಿಲೆ, ಮತ್ತೆ ಮರುಕಳಿಸೋ ಪ್ರಮಾಣ ಕೂಡ ಹೆಚ್ಚುಕಮ್ಮಿ ಅವುಗಳಷ್ಟೇ, ನೂರಕ್ಕೆ 40ರಿಂದ 60. ಬಿಪಿ ಇರೋರನ್ನ ಒಂದು ತಿಂಗಳು ಆಸ್ಪತ್ರೇಲಿಟ್ಟು ಇನ್ನು ವಾಸಿ ಆಯ್ತು ಮನೆಗೆ ಹೋಗಿ ಅಂತ ಯಾರೂ ಕಳಿಸಲ್ಲ ತಾನೇ.

ಇದರಿಂದ ಒಂದು ವಿಷಯ ಸ್ಪಷ್ಟ ಆಗುತ್ತೆ, ಹತ್ತಿರದಲ್ಲಿರೋ ಸೆಂಟರ್ ಬೇಕು ಅನ್ನೋದಕ್ಕೆ ಇದೇ ನಿಜವಾದ ಕಾರಣ. ನೋಡೋಕೆ ಹೋಗೋಕೆ ಸುಲಭ ಅನ್ನೋದು ಆಮೇಲಿನ ಮಾತು, ಮುಂದಿನ ಒಂದು ವರ್ಷ ಪ್ರತಿ ವಾರನೋ ಹದಿನೈದು ದಿನಕ್ಕೋ ಆ ಮನುಷ್ಯ ಕೆಲಸ ಮುಗಿಸ್ಕೊಂಡು ಅಲ್ಲಿಗೆ ಹೋಗಿ ಬರೋಕೆ ಆಗುತ್ತಾ ಅನ್ನೋದು ಮೊದಲು. ದೂರದ ಬೆಟ್ಟದ ಮೇಲಿರೋ, ಫೋಟೋದಲ್ಲಿ ಚಂದ ಕಾಣೋ ಜಾಗಕ್ಕೆ ಕಳಿಸಿದ್ರೆ ಅಲ್ಲಿದ್ದಷ್ಟು ದಿನ ಚೆನ್ನಾಗೇ ಇರ್ತಾರೆ, ಯಾಕಂದ್ರೆ ಅಲ್ಲಿ ಹಳೇ ಸ್ನೇಹಿತರಿಲ್ಲ, ಹಳೇ ಜಗಳ ಇಲ್ಲ, ಸಂಬಳದ ದಿನ ಇಲ್ಲ. ವಾಪಸ್ ಬಂದಾಗ ಅವೆಲ್ಲ ಇಲ್ಲೇ ಇರ್ತವೆ, ಆದ್ರೆ ಡಾಕ್ಟರ್ ಮಾತ್ರ ಅಲ್ಲೇ ಉಳಿದಿರ್ತಾರೆ. ಕೆಲವರಿಗೆ ಒಳಗೆ ಸೇರೋದು ಬೇಕೇ ಬೇಕು ಅನ್ನೋದನ್ನ ನಾನು ಅಲ್ಲಗಳೀತಿಲ್ಲ. ಅದನ್ನ ತೀರ್ಮಾನ ಮಾಡೋಕೆ ಅಮೆರಿಕದ ಅಡಿಕ್ಷನ್ ಡಾಕ್ಟರ್‌ಗಳ ಸಂಘ ಎಎಸ್‌ಎಎಂ (ASAM) ಮಾಡಿರೋ ಮಾನದಂಡ ಇದೆ, ವಿತ್‌ಡ್ರಾವಲ್ ಎಷ್ಟು ಅಪಾಯ, ಬೇರೆ ಕಾಯಿಲೆ ಏನಿದೆ, ಮನಸ್ಸಿನ ಸ್ಥಿತಿ ಹೇಗಿದೆ, ಮನೆ ವಾತಾವರಣ ಹೇಗಿದೆ ಅಂತ ಬೇರೆಬೇರೆ ಕಡೆಯಿಂದ ನೋಡಿ ಓಪಿಡಿ ಸಾಕಾ, ದಿನಾ ಬಂದು ಹೋಗೋದಾ, ಅಡ್ಮಿಟ್ ಮಾಡಬೇಕಾ ಅಂತ ಹೇಳ್ತಾರೆ. ಇಂಥ ಪರೀಕ್ಷೆ ಏನೂ ಇಲ್ಲದೆ ಫೋನಲ್ಲೇ "ಮೂರು ತಿಂಗಳು ಬೇಕು, ನಾಳೆ ಕರ್ಕೊಂಡು ಬನ್ನಿ" ಅಂದ್ರೆ ಅವ್ರು ನೋಡ್ತಿರೋದು ಖಾಲಿ ಬೆಡ್‌ನ.

ಫೋನಲ್ಲಿ ಮಾತಾಡೋವಾಗ ಇನ್ನೇನು ಕೇಳಬೇಕು ಅಂದ್ರೆ, "ಸೈಕಿಯಾಟ್ರಿಸ್ಟ್ ವಾರಕ್ಕೆ ಎಷ್ಟು ದಿನ ಬರ್ತಾರೆ ಸಾರ್, ಲೈಸೆನ್ಸ್ ಯಾವ ಇಲಾಖೆಯದ್ದು, ಮನೆಗೆ ಬಂದ ಮೇಲೆ ಎಷ್ಟು ತಿಂಗಳು ಫಾಲೋ ಅಪ್ ಇರುತ್ತೆ, ಪೇಶಂಟ್ ನಮ್ಮ ಜೊತೆ ಫೋನಲ್ಲಿ ಮಾತಾಡಬಹುದಾ, ಬೇಡ ಅಂದ್ರೆ ವಾಪಸ್ ಬರಬಹುದಾ?" ಉತ್ತರ ಕೊಡೋ ರೀತೀಲೇ ಅರ್ಧ ಗೊತ್ತಾಗುತ್ತೆ. ಒಳ್ಳೇ ಕಡೆಯವ್ರು ವಾಪಸ್ ನಿಮ್ಮನ್ನೇ ಕೇಳ್ತಾರೆ, ಏನು ತಗೋತಾರೆ, ಎಷ್ಟು ವರ್ಷದಿಂದ, ಕೊನೇ ಸಲ ಯಾವಾಗ, ಮುಂಚೆ ಫಿಟ್ಸ್ ಬಂದಿತ್ತಾ, ಸಾಯೋ ಮಾತಾಡ್ತಾರಾ ಅಂತ. ನೂರಕ್ಕೆ ನೂರು ಬಿಡಿಸ್ತೀವಿ ಅಂತ ಗ್ಯಾರಂಟಿ ಕೊಡೋರ ಹತ್ರ ಹೋಗಬೇಡಿ, ಯಾವ ಪ್ರಾಮಾಣಿಕ ಡಾಕ್ಟರೂ ಆ ಮಾತು ಹೇಳಲ್ಲ. ಒಂದು ತಿಂಗಳು ಯಾರೂ ನೋಡೋ ಹಾಗಿಲ್ಲ, ಫೋನ್ ಇಲ್ಲ ಅನ್ನೋ ಕಡೆ ಒಳಗೆ ಏನು ನಡೀತಿದೆ ಅಂತ ತಿಳ್ಕೊಳ್ಳೋಕೆ ನಿಮಗೆ ದಾರಿನೇ ಇರಲ್ಲ. ಕಟ್ಟಿ ಹಾಕೋದು, ಹೊಡಿಯೋದು, ಬಲವಂತದ ದುಡಿಮೆ ಇವೆಲ್ಲ ಬೇರೆಬೇರೆ ದೇಶದಲ್ಲಿ ಆಗಿವೆ, 2012ರಲ್ಲಿ ವಿಶ್ವಸಂಸ್ಥೆಯ 12 ಸಂಸ್ಥೆಗಳು ಒಟ್ಟಿಗೆ ಹೇಳಿಕೆ ಕೊಟ್ಟು ಬಲವಂತವಾಗಿ ಕೂಡಿಹಾಕೋ ಡ್ರಗ್ ಸೆಂಟರ್‌ಗಳನ್ನ ಮುಚ್ಚಿ ಅಂತ ಸರ್ಕಾರಗಳಿಗೆ ಹೇಳಿದ್ವು.

ದುಡ್ಡಿಲ್ಲ, ಸೆಂಟರ್ ಹತ್ರದಲ್ಲಿಲ್ಲ ಅನ್ನೋರಿಗೆ ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ), ಅಂದ್ರೆ ಕುಡಿತ ಬಿಡೋಕೆ ಒಬ್ಬರಿಗೊಬ್ಬರು ನೆರವಾಗೋ ಗುಂಪಿನ ಮೀಟಿಂಗ್ ಇದೆ, 1935ರಲ್ಲಿ ಅಮೆರಿಕದ ಆಕ್ರನ್ ಅನ್ನೋ ಊರಲ್ಲಿ ಇಬ್ಬರು ಕುಡಿತದವರಿಂದ ಶುರುವಾದದ್ದು, ಫೀಸಿಲ್ಲ, ಆನ್‌ಲೈನಲ್ಲೂ ನಡೆಯುತ್ತೆ. ಬರೀ ಮಾತಾಡಿದ್ರೆ ಏನು ಬರುತ್ತೆ ಅನ್ನೋರಿಗೆ ವೈದ್ಯಕೀಯ ಅಧ್ಯಯನಗಳನ್ನ ಒಟ್ಟು ಮಾಡಿ ನೋಡೋ ಕಾಕ್ರೇನ್ ಸಂಸ್ಥೆಯ 2020ರ ವಿಶ್ಲೇಷಣೆ ಉತ್ತರ ಕೊಡುತ್ತೆ, ಎಎ ಕಡೆಗೆ ಜೋಡಿಸೋ ಚಿಕಿತ್ಸೆ ಪಡೆದವರಲ್ಲಿ ವರ್ಷದ ಕೊನೇಲಿ ಪೂರ್ತಿ ಬಿಟ್ಟಿದ್ದೋರು ನೂರಕ್ಕೆ 42, ಬೇರೆ ಥರದ ಚಿಕಿತ್ಸೇಲಿ 35. ಔಷಧಿ ಜೊತೆಗೇ ಇಲ್ಲಿಗೂ ಹೋಗಬಹುದು, ಮೀಟಿಂಗಿಗೆ ಬರೋಕೆ ಮಾತ್ರೆ ಬಿಡಬೇಕು ಅಂತ ಯಾರಾದ್ರೂ ಹೇಳಿದ್ರೆ ಬೇರೆ ಗುಂಪು ನೋಡ್ಕೊಳ್ಳಿ.

ಹೆಣ್ಮಕ್ಕಳ ಕಷ್ಟ ಬೇರೆ. ವಿಶ್ವಸಂಸ್ಥೆಯ 2024ರ ಡ್ರಗ್ ವರದಿ ಪ್ರಕಾರ ಡ್ರಗ್ಸ್ ಸಮಸ್ಯೆ ಇರೋ 11 ಜನರಲ್ಲಿ ಒಬ್ಬರಿಗೆ ಮಾತ್ರ ಚಿಕಿತ್ಸೆ ಸಿಗ್ತಿದೆ, ಗಂಡಸರಲ್ಲಿ ಏಳರಲ್ಲಿ ಒಬ್ಬರು, ಹೆಂಗಸರಲ್ಲಿ 18ರಲ್ಲಿ ಒಬ್ಬರು. ಮಕ್ಕಳನ್ನ ಯಾರ ಹತ್ರ ಬಿಡೋದು, ಜನ ಏನಂತಾರೆ, ಮಕ್ಕಳನ್ನೇ ಕಿತ್ಕೊಂಡ್ರೆ ಅನ್ನೋ ಭಯಕ್ಕೆ ಬಾಯೇ ಬಿಡಲ್ಲ. ಸೆಂಟರ್ ಹುಡುಕೋವಾಗ ಹೆಂಗಸರಿಗೆ ಬೇರೆ ವಾರ್ಡ್ ಇದ್ಯಾ, ರಾತ್ರಿ ಹೆಣ್ಮಕ್ಕಳೇ ಸಿಬ್ಬಂದಿ ಇರ್ತಾರಾ, ಮಗುನ ಜೊತೇಲಿ ಇಟ್ಕೋಬಹುದಾ ಅಂತ ಮೊದಲೇ ಕೇಳಿ. ಬಸುರಿ ಆಗಿದ್ದು ಓಪಿಯಾಯ್ಡ್ ತಗೋತಿದ್ರೆ ಭಯಪಟ್ಟು ತಾನೇ ನಿಲ್ಲಿಸೋದು ಬೇಡ, ಮೆಥಡೋನ್ ಅಥವಾ ಬುಪ್ರೆನಾರ್ಫಿನ್ ಮೇಲೆ ಇಡೋದೇ ವಿಶ್ವ ಆರೋಗ್ಯ ಸಂಸ್ಥೆ ಹೇಳೋ ದಾರಿ.

ಅವ್ರು ಬರೋಕೇ ಒಪ್ಪಲ್ಲ ಅನ್ನೋರು ಏನು ಮಾಡಬೇಕು? ಎಲ್ರೂ ಸುತ್ತ ಕೂತು ತಪ್ಪೆಲ್ಲ ಎತ್ತಿ ಹೇಳಿ ಒತ್ತಡ ಹಾಕೋ ವಿಧಾನ ಇದೆ, ಅದು ಬಹಳ ಸಲ ಮಧ್ಯದಲ್ಲೇ ಮುರಿದು ಬೀಳುತ್ತೆ. ರಾಬರ್ಟ್ ಮೇಯರ್ಸ್ ಅನ್ನೋ ಅಮೆರಿಕದ ಮನೋವಿಜ್ಞಾನಿ ರೂಪಿಸಿದ ಕ್ರಾಫ್ಟ್ ಅನ್ನೋ ವಿಧಾನ ಮನೆಯವರಿಗೇ ತರಬೇತಿ ಕೊಡುತ್ತೆ, ಕುಡಿಯದೆ ಇದ್ದ ಹೊತ್ತಲ್ಲಿ ಚೆನ್ನಾಗಿ ಜೊತೇಲಿರೋದು, ಕುಡಿದಾಗ ಜಗಳಕ್ಕೆ ಹೋಗದೆ ದೂರ ಸರಿಯೋದು, ಅವ್ರು ಮಾಡಿದ ಎಡವಟ್ಟನ್ನ ಮುಚ್ಚಿ ಹಾಕದೆ ಇರೋದು, ಮನಸ್ಸು ಮೆತ್ತಗಾದ ಹೊತ್ತಲ್ಲಿ ಡಾಕ್ಟರ್ ಹತ್ರ ಹೋಗೋಣ್ವಾ ಅಂತ ಕೇಳೋದು. 1999ರ ಒಂದು ಅಧ್ಯಯನದಲ್ಲಿ ಕುಡಿತದವರ ಮನೆಯವ್ರು ಈ ದಾರಿ ಹಿಡಿದಾಗ ನೂರಕ್ಕೆ 64 ಜನ ಚಿಕಿತ್ಸೆಗೆ ಬಂದ್ರು, ಒತ್ತಡದ ವಿಧಾನದಲ್ಲಿ 30. ಆ ಮೆತ್ತಗಾದ ಹೊತ್ತು ಬಹಳ ಹೊತ್ತು ಇರಲ್ಲ, ಹಾಗಾಗಿ ಅವ್ರು ಒಪ್ಪೋಕೂ ಮುಂಚೆನೇ ಎಲ್ಲಿಗೆ ಹೋಗೋದು, ಯಾವ ದಿನ ಓಪಿಡಿ, ಯಾವ ನಂಬರ್ ಅಂತ ನೀವು ತಯಾರಿಟ್ಕೊಂಡಿರಬೇಕು. ಸಾಧ್ಯ ಆದ್ರೆ ನೀವೊಬ್ರೇ ಹೋಗಿ ಆ ಡಾಕ್ಟರನ್ನ ಒಂದ್ಸಲ ನೋಡಿ ಬನ್ನಿ.

ಅಡ್ಮಿಟ್ ಆಗಿದ್ರೆ, ಡಿಸ್ಚಾರ್ಜ್ ದಿನ ಕೈಗೆ ಕೊಡೋ ಹಾಳೆನ ಅಲ್ಲೇ ಕೂತು ಓದಿ. ಅದ್ರಲ್ಲಿ ಮಾತ್ರೆ ಹೆಸರು ಇರಬೇಕು, ಎಷ್ಟು ದಿನಕ್ಕೆ ಅಂತ ಇರಬೇಕು, ಮುಂದಿನ ಭೇಟಿಯ ತಾರೀಖು ಇರಬೇಕು, "ನಂತರ ಬನ್ನಿ" ಅಂತ ಬರೆದಿದ್ರೆ ತಾರೀಖು ಹಾಕಿಸ್ಕೊಳ್ಳಿ, ಅದೂ ಒಂದು ವಾರದೊಳಗೆ. ಮತ್ತೆ ಶುರು ಮಾಡ್ಕೊಂಡ್ರೆ ಯಾರಿಗೆ ಫೋನ್ ಮಾಡಬೇಕು ಅಂತ ಆ ಹಾಳೆ ಮೇಲೇ ಬರೆಸ್ಕೊಳ್ಳಿ, ಮತ್ತೆ ಕುಡಿದಾಗ ಡೋಸ್ ಬದಲಾಯಿಸಬೇಕಾ, ಬೇರೆ ಔಷಧಿ ಬೇಕಾ ಅಂತ ನೋಡೋದು ಚಿಕಿತ್ಸೆಯ ಭಾಗವೇ, ಮರುಕಳಿಸಿದ್ದಕ್ಕೆ ಪೇಶಂಟ್‌ನ ಹೊರಗೆ ಹಾಕೋ ಸೆಂಟರ್ ಆದ್ರೆ ಬೇರೆ ಕಡೆ ಹೋಗಿ. ಓಪಿಯಾಯ್ಡ್ ಚಟ ಇದ್ದವರ ಮನೇಲಿ ನಾಲಾಕ್ಸೋನ್ ಇಟ್ಕೊಳ್ಳೋಕೆ ಆಗುತ್ತಾ ಅಂತಲೂ ಅವತ್ತೇ ಡಾಕ್ಟರನ್ನ ಕೇಳಿ, ಓವರ್‌ಡೋಸ್ ಆದಾಗ ನಿಂತ ಉಸಿರನ್ನ ಕೆಲವೇ ನಿಮಿಷದಲ್ಲಿ ವಾಪಸ್ ತರೋ ಔಷಧಿ ಅದು, 2014ರಿಂದ ವಿಶ್ವ ಆರೋಗ್ಯ ಸಂಸ್ಥೆ ಇದು ಮನೆಯವ್ರ ಕೈಲೂ ಇರಬೇಕು, ಬಳಸೋದನ್ನ ಅವ್ರಿಗೂ ಕಲಿಸಬೇಕು ಅಂತ ಹೇಳ್ತಿದೆ. ಅದರ ಪರಿಣಾಮ ಅರ್ಧ ಮುಕ್ಕಾಲು ಗಂಟೇಲಿ ಇಳಿದು ಹೋಗಬಹುದು, ಹಾಗಾಗಿ ಕೊಟ್ಟ ಮೇಲೆ ಎದ್ದು ಕೂತು ಮಾತಾಡಿದ್ರೂ ಆಂಬುಲೆನ್ಸ್ ಕರೀಲೇಬೇಕು.